ಹತ್ತು ಮೀನು, ಐದು ಹಳದಿ ಚೀಟಿ

ಕಂಪ್ಯೂಟರಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಇದು ಜಂಬದ ಮಾತಲ್ಲ. ಅಲ್ಲಿ ಇದ್ದದ್ದೇ ಆರು ಕಂಪ್ಯೂಟರು. ಅದರಲ್ಲೂ ಒಂದು ಕವರ್ ಹೊದ್ದುಕೊಂಡು ಮಲಗಿತ್ತು!

ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ಗಾರ್ಮೆಂಟ್ಸ್. ಕೆಳಗಿನ ಮಹಡಿಗಳಲ್ಲಿ ನೂರಾರು ಹೆಂಗಸರು ಶರ್ಟು ಹೊಲಿಯುತ್ತಿದ್ದರು. ಮೇಲಿನ ಆಫೀಸಿನಲ್ಲಿ ಕೂತು, ಯಾವ ಪೆಟ್ಟಿಗೆಯಲ್ಲಿ ಎಷ್ಟು ಶರ್ಟು ಇದೆ ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಆದರೆ ನನ್ನ ನಿಜವಾದ ಪದವಿ ಬೇರೆ ಇತ್ತು. ಯಾರ ಪ್ರಿಂಟರ್ ಕಾಗದ ನುಂಗಿದರೂ, ಯಾರ ಪರದೆ ಅಲ್ಲಾಡದೆ ನಿಂತರೂ ನನ್ನ ಮೇಜಿನ ಇಂಟರ್‌ಕಾಂ ಬಡಿದುಕೊಳ್ಳುತ್ತಿತ್ತು. "ಮಂಗಳಾ ಮೇಡಂ, ಒಂದ್ನಿಮಿಷ ಬರ್ತೀರಾ?" ನಾನು ಹೋಗುತ್ತಿದ್ದೆ. ಹಣೆ ಗಂಟಿಕ್ಕಿ ನೋಡುತ್ತಿದ್ದೆ. ಆಫ್ ಮಾಡಿ ಆನ್ ಮಾಡುತ್ತಿದ್ದೆ. ಸರಿಹೋಗುತ್ತಿತ್ತು! ನನ್ನ ವಿದ್ಯೆ ಅಷ್ಟೇ. ಆದರೆ ಅದು ಅಷ್ಟೇ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಹೀಗೆ ಆರು ವರ್ಷ ಸುಖವಾಗಿ ಕಳೆಯಿತು. ಆಮೇಲೆ ರೇಣುಕಾ ಬಂದಳು.

ಗದಗದ ಕಡೆಯ ಹುಡುಗಿ. ಗುಂಡಿ, ದಾರ, ಝಿಪ್ಪು ತರಿಸುವ ವಿಭಾಗಕ್ಕೆ ಸೇರಿದಳು. ನನ್ನ ಎದುರು ಮೇಜು. ಬಂದ ಮೊದಲ ವಾರದಲ್ಲೇ ಅವಳ ಕಂಪ್ಯೂಟರಿನ ಪರದೆಯ ಮೇಲೆ ಮೀನುಗಳು ಓಡಾಡತೊಡಗಿದವು. ಹತ್ತು ಮೀನು. ಎರಡನೆಯ ವಾರ ಪರದೆಯ ಕೆಳಗೆ ಸಣ್ಣ ಸಣ್ಣ ಚಿತ್ರಗಳ ಒಂದು ಸಾಲು ಕೂತಿತು. ಮೌಸು ಹತ್ತಿರ ಹೋದರೆ ಸಾಕು, ಒಂದೊಂದು ಚಿತ್ರವೂ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತಿತ್ತು. ಮೂರನೆಯ ವಾರ ಅವಳ ಫೋಲ್ಡರುಗಳಿಗೆಲ್ಲ ಬಣ್ಣ ಬಂತು. ದಾರದ ಫೋಲ್ಡರು ಕೆಂಪು, ಗುಂಡಿಯದು ಹಸಿರು, ಝಿಪ್ಪಿನದು ನೀಲಿ. ಎಲ್ಲವೂ ಸಣ್ಣ ಸಣ್ಣ ಪ್ರೋಗ್ರಾಮುಗಳಂತೆ, ಬಿಟ್ಟಿ ಸಿಗುತ್ತವಂತೆ, ಅವಳ ಮಾವನ ಮಗ ಹಾಕಿಕೊಟ್ಟನಂತೆ.

ಜನ ಅವಳ ಮೇಜಿನ ಸುತ್ತ ನಿಂತು ಮೀನು ನೋಡತೊಡಗಿದರು. ಕಟಿಂಗ್ ವಿಭಾಗದಿಂದ, ಇಸ್ತ್ರಿ ವಿಭಾಗದಿಂದ ಹೆಂಗಸರು ಊಟದ ಡಬ್ಬಿ ಹಿಡಿದುಕೊಂಡೇ ಮೇಲೆ ಹತ್ತಿ ಬಂದರು. ನೋಡಿದವರು ಸುಮ್ಮನೆ ಹೋಗಲಿಲ್ಲ. ತಮ್ಮ ಪ್ರಿಂಟರು ಕಾಗದ ನುಂಗಿದ್ದನ್ನೂ ಅವಳಿಗೇ ಹೇಳಿ ಹೋದರು. ನನ್ನ ಇಂಟರ್‌ಕಾಂ ಸುಮ್ಮನಾಯಿತು. ಕೆಟ್ಟಿರಬಹುದು ಎಂದು ಎರಡು ಸಲ ಎತ್ತಿ ನೋಡಿದೆ. ಕೆಟ್ಟಿರಲಿಲ್ಲ. ನನ್ನ ಹೊಟ್ಟೆ ಉರಿಯಿತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಚೆನ್ನಾಗಿಯೇ ಉರಿಯಿತು.

ಅಷ್ಟರಲ್ಲಿ ದಸರಾ ಬಂತು. ಆಯುಧಪೂಜೆಗೆ ಹೊಲಿಗೆ ಯಂತ್ರಗಳ ಜೊತೆ ಕಂಪ್ಯೂಟರುಗಳಿಗೂ ನಮ್ಮಲ್ಲಿ ಪೂಜೆ. ಆ ವರ್ಷ ಮ್ಯಾನೇಜರ್ ಸಾರ್ ಹೊಸದೊಂದು ನೋಟಿಸು ಅಂಟಿಸಿದರು. ಪೂಜೆಯ ದಿನ ಒಳಗೂ ಹೊರಗೂ ಅತ್ಯಂತ ಅಚ್ಚುಕಟ್ಟಾಗಿರುವ ಕಂಪ್ಯೂಟರಿಗೆ ಬಹುಮಾನ! ಒಂದು ಸ್ಟೀಲ್ ಹಾಟ್‌ಬಾಕ್ಸು.

ನಮ್ಮ ಮನೆಯಲ್ಲಿ ಮೂರು ಹಾಟ್‌ಬಾಕ್ಸು ಇವೆ. ಒಂದರಲ್ಲಿ ಹಳೆಯ ಬಿಲ್ಲುಗಳನ್ನು ಇಟ್ಟಿದ್ದೇನೆ. ಆದರೂ ಆ ನಾಲ್ಕನೆಯದು ನನಗೆ ಬೇಕೇ ಬೇಕಾಯಿತು. ಅದು ನನ್ನ ಕೈಗೆ ಬಂದರೆ ಇಂಟರ್‌ಕಾಂ ಮತ್ತೆ ಬಡಿದುಕೊಳ್ಳುತ್ತದೆ. ಅವಳ ಕೈಗೆ ಹೋದರೆ ನಾನು ಬರೀ ಪೆಟ್ಟಿಗೆ ಎಣಿಸುವವಳು.

ಸಂಜೆ ಮನೆಯಲ್ಲಿ ನಮ್ಮ ಯಜಮಾನರ ಮುಂದೆ ವಿಷಯ ಇಟ್ಟೆ. ಅವರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಹಾಗೆಂದ ಕೂಡಲೇ ನೆಂಟರೆಲ್ಲ ಸಾಫ್ಟ್‌ವೇರ್ ಅಂದುಕೊಳ್ಳುತ್ತಾರೆ. ಅವರು ಅಲ್ಲಿ ಕ್ಯಾಂಟೀನಿಗೆ ತರಕಾರಿ ತರಿಸುತ್ತಾರೆ.

"ನಿನ್ ಕಂಪ್ಯೂಟರ್‌ಗೆ ಏನಾಗಿದೆ?" ಎಂದರು.

"ಏನೂ ಆಗಿಲ್ಲ ಕಣ್ರೀ. ಅದೇ ತೊಂದರೆ!"

"ಕೆಲಸ ಮಾಡ್ತಿದೆ ತಾನೇ? ಮತ್ತೆ ಮೀನು ಯಾಕೆ?"

"ಅವಳ ಹತ್ರ ಇದೆಯಲ್ಲ, ಅದಕ್ಕೆ!"

ಮದುವೆಯಾಗಿ ಹದಿನೈದು ವರ್ಷವಾದ ಮನುಷ್ಯ. ಮಾರನೆಯ ದಿನ ಬೊಮ್ಮನಹಳ್ಳಿ ಬಸ್‌ಸ್ಟಾಪಿನ ಹತ್ತಿರ ಫುಟ್‌ಪಾತಿನಲ್ಲಿ ಮಾರುತ್ತಿದ್ದ ಹಳೆಯ ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆಯೊಂದನ್ನು ತಂದುಕೊಟ್ಟರು. ಅದರ ಜೊತೆ ಬಿಟ್ಟಿ ಬಂದ ಒಂದು ಸಿ.ಡಿ. ಇತ್ತು. ನಿಮ್ಮ ಕಂಪ್ಯೂಟರನ್ನು ಸಿಂಗರಿಸುವ, ಅಚ್ಚುಕಟ್ಟುಗೊಳಿಸುವ ಇನ್ನೂರು ಪುಟ್ಟ ಪ್ರೋಗ್ರಾಮುಗಳು ಎಂದು ಅದರ ಮೇಲೆ ಬರೆದಿತ್ತು. ರೇಣುಕಾಳ ಹತ್ತಿರ ಇದ್ದದ್ದು ಮೂರು. ನನ್ನ ಕೈಯಲ್ಲಿ ಇನ್ನೂರು! ಆ ದಿನ ಎರಡು ಚಪಾತಿ ಹೆಚ್ಚಿಗೆ ತಿಂದೆ.

ಮೊದಲು ಉಬ್ಬುವ ಚಿತ್ರಗಳ ಸಾಲು ಹಾಕಿದೆ. ಅವಳದು ಪರದೆಯ ಕೆಳಗಿತ್ತು, ಅದಕ್ಕೆ ನನ್ನದು ಮೇಲಿರಲಿ ಎಂದುಕೊಂಡೆ. ಯಾವ ಕಿಟಕಿಯನ್ನಾದರೂ ಮುಚ್ಚಬೇಕೆಂದರೆ ಒತ್ತುವ ಗುರುತು ಇರುವುದೂ ಅದೇ ಮೇಲ್ತುದಿಯಲ್ಲಿ. ನಾನು ಮುಚ್ಚಲು ಹೋದಾಗಲೆಲ್ಲ ಕ್ಯಾಲ್ಕುಲೇಟರಿನ ಚಿತ್ರ ಉಬ್ಬಿ ಅಡ್ಡ ಬಂದು, ಅದೇ ತೆರೆದುಕೊಳ್ಳುತ್ತಿತ್ತು. ದಿನಕ್ಕೆ ನಲವತ್ತು ಕ್ಯಾಲ್ಕುಲೇಟರು! ಲೆಕ್ಕ ಮಾಡಲು ಮಾತ್ರ ಸಮಯವಿರಲಿಲ್ಲ.

ಎರಡನೆಯದು, ಪರದೆಯ ಮೇಲೆ ಚೆಲ್ಲಾಡಿರುವ ಫೈಲುಗಳನ್ನೆಲ್ಲ ತಾನೇ ಗುಡಿಸಿ ಡಬ್ಬಿಗಳಲ್ಲಿ ತುಂಬುವ ಪ್ರೋಗ್ರಾಮು. ಒಂದು ಗುಂಡಿ ಒತ್ತಿದೆ. ಆರು ವರ್ಷದ ಫೈಲುಗಳು ಕಣ್ಣ ಮುಂದೆಯೇ ಸರಸರ ಎದ್ದು ಹೋದವು. ಪರದೆ ಗುಡಿಸಿ ಸಾರಿಸಿದ ಅಂಗಳದಂತಾಯಿತು. ನನಗೆ ಕಣ್ಣೀರೇ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಈ ಸಲ ಬೇರೆ ಕಾರಣಕ್ಕೆ. ಎಲ್ಲ ಫೈಲುಗಳನ್ನೂ ಅದು "ಇತರೆ" ಎಂಬ ಒಂದೇ ಡಬ್ಬಿಗೆ ತುಂಬಿತ್ತು. ಅಂದು ಲಾರಿ ಹತ್ತಬೇಕಿದ್ದ ಪೆಟ್ಟಿಗೆಗಳ ಪಟ್ಟಿ ಹುಡುಕಿ ತೆಗೆಯುವಷ್ಟರಲ್ಲಿ ಲಾರಿಯ ಡ್ರೈವರು ಎರಡು ಸಲ ಊಟ ಮಾಡಿ ಬಂದಿದ್ದ.

ಮೂರನೆಯದು ಬೆಕ್ಕು. ರೇಣುಕಾಳ ಹತ್ತಿರ ಮೀನಿದ್ದರೆ ನನ್ನ ಹತ್ತಿರ ಮೀನು ತಿನ್ನುವುದೇ ಇರಲಿ ಎಂಬ ಉದಾತ್ತ ಚಿಂತನೆ. ಅದು ಪರದೆಯ ಮೇಲೆ ಎಲ್ಲೆಂದರಲ್ಲಿ ನಡೆದಾಡುತ್ತಿತ್ತು, ಬೇಸರವಾದರೆ ಬಿದ್ದಲ್ಲೇ ನಿದ್ದೆ ಮಾಡುತ್ತಿತ್ತು. ಬೀಳುತ್ತಿದ್ದದ್ದು ಹೆಚ್ಚಾಗಿ ನನ್ನ ಒಟ್ಟು ಮೊತ್ತದ ಮೇಲೆಯೇ. ಒಂದು ದಿನ ಮ್ಯಾನೇಜರ್ ಸಾರ್ ಬಂದು ಕೇಳಿದರು.

"ಮಂಗಳಾ ಅವ್ರೇ, ಇವತ್ತು ಒಟ್ಟು ಎಷ್ಟು ಪೆಟ್ಟಿಗೆ?"

"ಬೆಕ್ಕು ಏಳಲಿ ಸಾರ್, ಹೇಳ್ತೀನಿ."

ಅವರು ನನ್ನನ್ನೊಮ್ಮೆ, ಬೆಕ್ಕನ್ನೊಮ್ಮೆ ನೋಡಿ, ರೇಣುಕಾಳ ಮೇಜಿಗೆ ಹೋಗಿ ಮೀನು ನೋಡುತ್ತಾ ನಿಂತರು. ಬೆಕ್ಕನ್ನು ಅಂದೇ ಮನೆ ಬಿಟ್ಟು ಓಡಿಸಿದೆ. ಅದರ ಜಾಗಕ್ಕೆ ಮೀನನ್ನೇ ತಂದೆ.

ಇನ್ನೂರರಲ್ಲಿ ನನ್ನ ಮಾತು ಕೇಳಿದ್ದು ಒಂದೇ ಒಂದು. ಅದು ಹಳದಿ ಚೀಟಿಯ ಪ್ರೋಗ್ರಾಮು. ನೆನಪಿಟ್ಟುಕೊಳ್ಳಬೇಕಾದ್ದನ್ನು ಪರದೆಯ ಮೇಲೆ ಪುಟ್ಟ ಹಳದಿ ಚೀಟಿಯಲ್ಲಿ ಬರೆದು ಅಂಟಿಸಬಹುದು. ಯಾರಾದರೂ ಬಂದರೆ ಒಂದು ಕೀಲಿ ಒತ್ತಿದರೆ ಚೀಟಿಗಳೆಲ್ಲ ಮಾಯ. ಬರೆದದ್ದಕ್ಕೆ ಗಡುವನ್ನೂ ಇಡಬಹುದು. ಆ ಗಳಿಗೆ ಬಂದಾಗ ಮಾಯವಾದ ಚೀಟಿಗಳು ತಾವಾಗಿಯೇ ಎದ್ದು, ಗಂಟೆ ಬಾರಿಸಿ, ನಾವು ಖುದ್ದಾಗಿ "ಓದಿದೆ" ಎಂದು ಒತ್ತುವವರೆಗೂ ಒಂದಾದ ಮೇಲೊಂದು ಸುತ್ತುತ್ತಲೇ ಇರುತ್ತವೆ. ನನಗೆ ಆಗಷ್ಟೇ ಚಾಳೀಸು ಬಂದಿತ್ತು, ಅದಕ್ಕೆ ಪರದೆ ತುಂಬುವಷ್ಟು ದೊಡ್ಡ ಅಕ್ಷರವನ್ನೇ ಆರಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದೆ. ನನ್ನ ಕಂಪ್ಯೂಟರಿಗೆ ಗೊತ್ತಿದ್ದದ್ದು ಆ ಲಿಪಿ ಒಂದೇ.

ಏನು ಬರೆದೆ? ಮನಸ್ಸಿನಲ್ಲಿದ್ದದ್ದನ್ನು ಬರೆದೆ. ಹೇಳಿಕೊಳ್ಳಲು ಆಫೀಸಿನಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಮೀನು ನೋಡಲು ಹೋಗಿದ್ದರು. ಐದು ಚೀಟಿ ಆದವು. ಐದಕ್ಕೂ ಗಡುವು, ಪೂಜೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಇದರಲ್ಲಿ ಒಂದು ಲೆಕ್ಕಾಚಾರವಿತ್ತು. ಪೂಜೆ ಶುಕ್ರವಾರ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಆದ್ದರಿಂದ ಪೂಜೆ ಹನ್ನೆರಡರ ಮೇಲೆ ಎಂದು ನೋಟಿಸಿನಲ್ಲೇ ಇತ್ತು. ಹನ್ನೊಂದಕ್ಕೆ ಚೀಟಿಗಳು ಏಳುತ್ತವೆ, ಬಾಕಿ ಏನಿದೆ ನೋಡಿ ಮುಗಿಸುತ್ತೇನೆ, ಐದನ್ನೂ ಅಳಿಸಿ ಕೈ ತೊಳೆದುಕೊಂಡು ಪೂಜೆಗೆ ನಿಲ್ಲುತ್ತೇನೆ. ಎಂಥ ವ್ಯವಸ್ಥೆ! ಕೀಲಿ ಒತ್ತಿ ಚೀಟಿಗಳನ್ನು ಮಾಯ ಮಾಡಿದೆ. ಪರದೆಯ ಜೊತೆಗೆ ನನ್ನ ತಲೆಯಿಂದಲೂ ಅವು ಮಾಯವಾದವು.

ಶುಕ್ರವಾರ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಹೋದೆ. ಕಾರ್ಖಾನೆಯ ತುಂಬ ಚೆಂಡುಹೂವು, ಬಾಳೆಕಂದು. ಕತ್ತರಿಗಳಿಗೂ ಕುಂಕುಮ. ಒಂಬತ್ತೂವರೆಗೆ ಪುರೋಹಿತರ ಫೋನು ಬಂತು. ಅತ್ತಿಬೆಲೆಯಲ್ಲಿ ಇನ್ನೂ ನಾಲ್ಕು ಕಾರ್ಖಾನೆ ಒಪ್ಪಿಕೊಂಡಿದ್ದೇನೆ, ರಾಹುಕಾಲ ಶುರುವಾಗುವ ಮುಂಚೆಯೇ ನಿಮ್ಮದು ಮುಗಿಸಿಬಿಡುತ್ತೇನೆ ಎಂದರು. ಹತ್ತಕ್ಕೆ ಬಂದರು. ಹತ್ತು ಇಪ್ಪತ್ತೈದಕ್ಕೆ ಮಂಗಳಾರತಿ. ಕೀಬೋರ್ಡಿಗೆ ಗಂಧ, ಮೌಸಿಗೆ ಕುಂಕುಮ, ಸಿ.ಪಿ.ಯು. ತಲೆಯ ಮೇಲೆ ನಿಂಬೆಹಣ್ಣು. ಗೇಟಿನ ಮುಂದೆ ಬೂದುಗುಂಬಳ ಒಡೆಯಿತು, ಪುರೋಹಿತರು ಹೊರಟೇಹೋದರು.

ಮಂಗಳಾರತಿ ಆದ ಮೇಲೆ ನಮ್ಮಲ್ಲಿ ಯಂತ್ರ ಮುಟ್ಟುವ ಹಾಗಿಲ್ಲ. ರಜೆ ಮುಗಿದು ಕೆಲಸ ಶುರುವಾಗುವವರೆಗೂ ಅವಕ್ಕೆ ವಿಶ್ರಾಂತಿ. ಸಂಜೆ ಎಲೆಕ್ಟ್ರಿಷಿಯನ್ ಒಬ್ಬನೇ ಮೇನ್ ಸ್ವಿಚ್ಚಿಗೆ ಪೂಜೆ ಮಾಡಿ ಇಳಿಸುತ್ತಾನೆ. ಹಿಂದೊಮ್ಮೆ ಯಾರೋ ಪೂಜೆಯ ಮೇಲೆ ಒಂದು ಹೊಲಿಗೆ ಹಾಕಲು ಹೋಗಿ ಸೂಜಿ ಬೆರಳಿಗೆ ಹೊಕ್ಕ ಮೇಲೆ ಈ ನಿಯಮ ಇನ್ನೂ ಬಿಗಿಯಾಯಿತು. ಅದನ್ನು ಕಾಯುವವರು ಮುನಿಯಪ್ಪನವರು, ಗೇಟಿನ ಪಕ್ಕದಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವ ಹಿರಿಯರು. ನಮ್ಮ ಕಾರ್ಖಾನೆ ನಿಂತಿರುವುದೇ ಅವರ ಅಜ್ಜನ ರಾಗಿ ಹೊಲದಲ್ಲಿ. ಕವರ್ ಹೊದ್ದು ಮಲಗಿದ್ದ ಆರನೆಯ ಕಂಪ್ಯೂಟರು ಅವರದೇ.

ಬಹುಮಾನ ನಿರ್ಧರಿಸಲು ಮ್ಯಾನೇಜರ್ ಸಾರ್ ಮೇಲೆ ಬಂದರು. ಹಿಂದೆ ಕಡ್ಲೆಪುರಿ ತಿನ್ನುತ್ತಾ ಅರ್ಧ ಕಾರ್ಖಾನೆ. ಮೊದಲು ರೇಣುಕಾಳ ಮೇಜು. ಮೀನುಗಳ ಮಧ್ಯೆ ಒಂದು ದೀಪ ಉರಿಯುವಂತೆ ಮಾಡಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸದ್ದು ಬರದಂತೆ.

ಆಮೇಲೆ ನನ್ನದು. ದೇವಿಯ ಚಿತ್ರ, ಸುತ್ತ ಬಣ್ಣದ ಫೋಲ್ಡರು, ಮಧ್ಯೆ ಇಪ್ಪತ್ತು ಮೀನು!

"ಅಬ್ಬಾ, ಮಂಗಳಾ ಅವ್ರೇ! ಏನ್ ಅಚ್ಚುಕಟ್ಟು!" ಎಂದರು ಸಾರ್. "ಇಪ್ಪತ್ತು ಮೀನಾ!"

ಆ ಕ್ಷಣ ನಾನು ನೆಲದಿಂದ ಒಂದು ಗೇಣು ಮೇಲಿದ್ದೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಯಿತು. ಕಂಪ್ಯೂಟರು ಢಣ್ ಎಂದು ಗಂಟೆ ಬಾರಿಸಿತು. ದೇವಿಯ ಮುಖದ ಮೇಲೆ ಹಳದಿ ಚೀಟಿ ಬಿಚ್ಚಿಕೊಂಡಿತು.

"ಓಹೋ, ಗಂಟೆ ಬೇರೆ! ಶ್ಲೋಕ ಹಾಕಿದ್ದೀರಾ?" ಎಂದು ಸಾರ್ ಕೈ ಮುಗಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು. "ರೇಣುಕಾ ಹತ್ರ ಮೀನು ಹತ್ತು. ನನಗೆ ಇಪ್ಪತ್ತು ಬೇಕು."

ಯಾರೋ ಕಿಸಕ್ಕೆಂದರು. ನಾನು ಮೌಸಿನತ್ತ ಹಾರಿದೆ.

"ಮುಟ್ಬ್ಯಾಡ ಕಣಮ್ಮೋ!" ಮುನಿಯಪ್ಪನವರು ಕೈ ಅಡ್ಡ ಹಿಡಿದರು. "ಪೂಜೆ ಆಗೈತೆ! ರಾವುಕಾಲ ಬ್ಯಾರೆ!"

"ಒಂದೇ ಒಂದ್ಸಲ ಮುನಿಯಪ್ಪನೋರೇ, ಕೈ ಮುಗೀತೀನಿ!"

"ಅಂಗೆಲ್ಲ ಆಗಾಕಿಲ್ಲ. ಬೆಳ್ಳು ಹೋದ್ರೆ ಯಾರು ಜವಾಬ್ದಾರಿ?"

ಢಣ್! ಎರಡನೆಯ ಚೀಟಿ.

"ರೇಣುಕಾಗೆ ಎಕ್ಸೆಲಲ್ಲಿ ಕೂಡೋಕೂ ಬರಲ್ಲ. ಮೀನು ಸಾಕೋಕೆ ಮಾತ್ರ ಬರುತ್ತೆ."

ರೇಣುಕಾ ನನ್ನ ಪಕ್ಕದಲ್ಲೇ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಗೋಡೆಗೆ ಒರಗಿಸಿದ್ದ ಬಾಳೆಕಂದಿನಿಂದ ಒಂದು ಎಲೆ ಕಿತ್ತು ಪರದೆಗೆ ಅಡ್ಡ ಹಿಡಿದೆ. ಯಂತ್ರ ತಾನೇ ಮುಟ್ಟಬಾರದು? ಎಲೆ ಹಿಡಿಯಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

"ಅಡ್ಡ ಬರ್ಬೇಡಿ ಮೇಡಂ, ಓದ್ತಿದ್ದೀನಿ," ಎಂದರು ಸಾರ್. ಎಲೆ ಸರಿಸಿ ಮೂರನೆಯದನ್ನು ಶುರು ಮಾಡಿಯೇಬಿಟ್ಟರು. "ಮ್ಯಾನೇಜರ್ ಈ ವಾರ ಅವಳ ಟೇಬಲ್ ಹತ್ರ ಏಳು ಸಲ ಹೋದ್ರು. ನನ್ನ ಹತ್ರ ಒಂದೇ ಸಲ. ಅದೂ ಸ್ಟೇಪ್ಲರ್ ಕೇಳೋಕೆ." ಓದಿ ಮುಗಿಸಿದ ಮೇಲೆ ಅದು ಯಾವ ಮ್ಯಾನೇಜರ್ ಎಂಬುದು ಅವರಿಗೆ ಹೊಳೆಯಿತು. ಕನ್ನಡಕ ತೆಗೆದು ಒರೆಸಿಕೊಂಡರು. ಹಾಗಂತ ಓದುವವರಿಗೇನೂ ಬರವಿರಲಿಲ್ಲ. ನಾಲ್ಕನೆಯದನ್ನು ಕಟಿಂಗ್ ವಿಭಾಗದವರೆಲ್ಲ ಒಟ್ಟಿಗೆ ಓದಿದರು.

"ಮುನಿಯಪ್ಪ. ಚಿಂತೆ ಇಲ್ಲ. ಅವರಿಗೆ ಆನ್ ಮಾಡೋಕೇ ಬರಲ್ಲ."

"ನಿಜವೇ ಅಲ್ವಾ," ಎಂದರು ಮುನಿಯಪ್ಪನವರು, ಸ್ವಲ್ಪವೂ ಬೇಸರವಿಲ್ಲದೆ.

ಢಣ್! ಐದನೆಯದು ಬಂದಾಗ ಯಾರೂ ಗಟ್ಟಿಯಾಗಿ ಓದಲಿಲ್ಲ. ಅದರಲ್ಲಿ ಹೀಗಿತ್ತು. "ಬಹುಮಾನ ಬಂದರೆ ಅಳಬಾರದು. ಬರದಿದ್ದರೂ ಅಳಬಾರದು."

ಅದನ್ನೂ ನಾನು ಪಾಲಿಸಲಿಲ್ಲ. ಕಣ್ಣು ಒರೆಸಿಕೊಳ್ಳಲು ಕೈಯಲ್ಲಿದ್ದದ್ದು ಬಾಳೆ ಎಲೆ. ಚೀಟಿಗಳು ಮತ್ತೆ ಮೊದಲಿನಿಂದ ಸುತ್ತತೊಡಗಿದವು. ಮೆಟ್ಟಿಲ ಹತ್ತಿರ ನಿಂತು ಕಾಣದಿದ್ದವರು ಮುಂದೆ ಬಂದು ನೋಡಿಕೊಂಡು ಹೋದರು. ಸಂಜೆ ಎಲೆಕ್ಟ್ರಿಷಿಯನ್ ಮೇನ್ ಇಳಿಸುವವರೆಗೂ ಪ್ರದರ್ಶನ ನಡೆಯಿತು. ರೇಣುಕಾಳ ಮೀನಿಗೂ ಅಷ್ಟು ಜನ ಸೇರಿರಲಿಲ್ಲ.

ಜನ ಕರಗಿದ ಮೇಲೆ ರೇಣುಕಾ ಹತ್ತಿರ ಬಂದಳು. ಬೈಯಲಿ ಎಂದು ಕಾದು ನಿಂತೆ.

"ಅಕ್ಕಾರ, ನಂಗ ಎಕ್ಸೆಲ್ ಬರಂಗಿಲ್ಲ ಅನ್ನೂದು ಖರೇ ಐತ್ರಿ," ಎಂದಳು. "ನಿಮ್ಮನ್ನ ಕೇಳಬೇಕಂತ ಬಂದಾಗಿಂದ ಅನ್ಕೋತಿದ್ದೆ. ನೀವು ಮಾರಿ ಗಂಟ್ ಹಾಕ್ಕೊಂಡು ಕುಂದರ್ತಿದ್ರಿ, ಅಂಜಿಕಿ ಬರ್ತಿತ್ತು."

"ರೇಣುಕಾ, ಅದು ಸುಮ್ನೆ... ತಮಾಷೆಗೆ..."

"ಇರ್ಲಿ ಬಿಡ್ರಿ. ಮೀನೇನ್ ದೊಡ್ಡ ಮಾತ್ರಿ? ನನ್ನವೂ ಹತ್ತು ನೀವ ಇಟ್ಕೋರಿ. ಮೂವತ್ತ ಆಗ್ತಾವು."

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳ್ಳೆಯತನದಲ್ಲೂ ಅವಳೇ ಮುಂದೆ ಎಂದು ನನಗೆ ಆಗಲೂ ಒಂದಿಷ್ಟು ಉರಿಯಿತು.

ಹಾಟ್‌ಬಾಕ್ಸು ಯಾರಿಗೆ ಬಂತು? ಮುನಿಯಪ್ಪನವರಿಗೆ! ಮ್ಯಾನೇಜರ್ ಸಾರ್ ಘೋಷಿಸಿದರು. ಒಂದು ಚೂರು ಧೂಳಿಲ್ಲ, ಬೇಡದ ಫೈಲು ಒಂದೂ ಇಲ್ಲ, ಮುಖ್ಯವಾಗಿ, ಯಾರ ಬಗ್ಗೆಯೂ ಏನೂ ಬರೆದಿಲ್ಲ. ಮುನಿಯಪ್ಪನವರು ಕವರಿನ ಮೇಲೆಯೇ ಹೂವಿನ ಹಾರ ಹಾಕಿ ಪೂಜೆ ಮಾಡಿಸಿದ್ದರು.

ಮನೆಗೆ ಬಂದಾಗ ಯಜಮಾನರು ಬಾಗಿಲಲ್ಲೇ ಕೇಳಿದರು. "ಹಾಟ್‌ಬಾಕ್ಸ್ ಎಲ್ಲಿ?"

"ಮೂರು ಇದ್ಯಲ್ಲ, ಸಾಲ್ದಾ ನಿಮ್ಗೆ?" ಎಂದೆ.

ರಜೆ ಮುಗಿದು ಸೋಮವಾರ ಕಂಪ್ಯೂಟರಿಗೆ ಕೈ ಮುಗಿದು ಆನ್ ಮಾಡಿದೆ. ಐದು ಚೀಟಿಗಳನ್ನೂ "ಓದಿದೆ" ಎಂದು ಒತ್ತಿ ಅಳಿಸಿದೆ. ಮೀನು, ಡಬ್ಬಿ, ಉಬ್ಬುವ ಚಿತ್ರ, ಎಲ್ಲವನ್ನೂ ಒಂದೊಂದಾಗಿ ತೆಗೆದು ಹಾಕಿದೆ. ಕೆಲಸ ಮುಗಿಯುವ ಹೊತ್ತಿಗೆ, ನಂಬುತ್ತೀರೋ ಇಲ್ಲವೋ, ನನ್ನ ಇಂಟರ್‌ಕಾಂ ಬಡಿದುಕೊಂಡಿತು. ಎರಡು ತಿಂಗಳ ಮೇಲೆ! ಮೊದಲ ಸದ್ದಿಗೇ ಎತ್ತಬಾರದು, ಮೂರು ಸಲ ಬಡಿಯಲಿ ಎಂದುಕೊಂಡೆ. ಒಂದಕ್ಕೇ ಎತ್ತಿದೆ.

"ನಾನು ಕಣಮ್ಮ, ಮುನಿಯಪ್ಪ. ಬವುಮಾನ ಬಂದ್ಮ್ಯಾಕೆ ಈ ಕಂಪ್ಯೂಟ್ರು ಆನ್ ಮಾಡ್ಲೇಬೇಕಂತೆ, ಸಾರ್ ಯೇಳವ್ರೆ. ಎಲ್ ಒತ್ತೋದು ಅಂತ ಗೊತ್ತಾಯ್ತಾ ಇಲ್ಲ. ವಸಿ ಬರ್ತೀಯಾ?"

ಕೊನೆಗೂ ಯಾರಿಗೋ ನನ್ನ ವಿದ್ಯೆ ಬೇಕಾಯಿತು! ನನ್ನ ಚೀಟಿ ಓದಿದ ಮೇಲೂ, ಅವರ ಬಗ್ಗೆ ಹಾಗೆ ಬರೆದ ಮೇಲೂ, ನನ್ನನ್ನೇ ಕರೆಯುತ್ತಿದ್ದಾರೆ!

"ಈಗ್ಲೇ ಬಂದೆ ಮುನಿಯಪ್ಪನೋರೇ! ನನ್ನನ್ನೇ ಕರೆದ್ರಲ್ಲ, ತುಂಬಾ ಸಂತೋಷ ಆಯ್ತು!"

"ಏನ್ ಮಾಡದಮ್ಮ," ಎಂದರು ಮುನಿಯಪ್ಪನವರು. "ರೇಣುಕಮ್ಮ ಊರಿಗೋಗವ್ಳೆ."

ಆದರೂ ಹೋದೆ. ಓಡಿಯೇ ಹೋದೆ.